ಉಡುಗೆ ಉಪಭೋಗವೋ, ಭೋಗವೋ?

ದಶಲಕ್ಷಣ ಪರ್ವದ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ ಧರ್ಮದ ಆರಾಧನೆ. ‘ನನ್ನದೆಂಬುದು ಯಾವುದೂ ಇಲ್ಲ’ ಎಂಬ ಭಾವನೆಯನ್ನು ಅಭ್ಯಾಸ ಮಾಡಬೇಕಾದ ದಿನ. ಕೆಲವು ವರ್ಷಗಳ ಹಿಂದೆ ಆ ದಿನ ನಮ್ಮ ಸೀಮೆಯ ಬಸದಿಯೊಂದರಲ್ಲಿ ಕುಳಿತಿದ್ದಾಗ ಪಂಡಿತರ ಪ್ರವಚನಕ್ಕೆ ಮುಂಚೆ ನನ್ನ ಕಿವಿಗೆ ಬಿದ್ದದ್ದು ಹಿಂದಿನ ಸಾಲಿನ ಒಂದು ಮಾತು: “ಈ ಸೀರೆಯನ್ನು ಹೋದ ವರ್ಷವೂ ಉಟ್ಟಿದ್ದಿರಲ್ಲವೇ?” ಆ ಪ್ರಶ್ನೆಗೆ ಗುರಿಯಾದ ಶ್ರಾವಿಕೆ ನಕ್ಕು ಸುಮ್ಮನಾದರು. ಮರುದಿನ ಅನಂತ ಚತುರ್ದಶಿ. ಅವರು ಬಸದಿಗೆ ಬರಲಿಲ್ಲ. ಏಕೆಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ತಿಳಿದಿತ್ತು.

ಆ ಮಾತನ್ನಾಡಿದವರನ್ನು ದೂಷಿಸಿ ಪ್ರಯೋಜನವಿಲ್ಲ. ಹೊಸ ಬಟ್ಟೆ ಗೌರವ, ಹಳೆಯ ಬಟ್ಟೆ ಅವಮಾನ ಎಂಬ ಲೆಕ್ಕವನ್ನು ಸಮಾಜವೇ ಒಪ್ಪಿಕೊಂಡಿರುವಾಗ ಒಬ್ಬರ ನಾಲಿಗೆಯನ್ನು ಹಳಿಯುವುದೇಕೆ? ಆದರೆ ಈ ಲೆಕ್ಕ ನಮ್ಮ ಧರ್ಮದ್ದಲ್ಲ ಎಂಬುದನ್ನು ಈಗಲಾದರೂ ಸ್ಪಷ್ಟವಾಗಿ ಹೇಳಬೇಕಾಗಿದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗ ಮತ್ತು ಉಪಭೋಗಗಳನ್ನು ಬೇರ್ಪಡಿಸಿದ್ದಾರೆ. ಒಮ್ಮೆ ಅನುಭವಿಸಿ ಬಿಡತಕ್ಕದ್ದು ಭೋಗ. ಅನುಭವಿಸಿದ ಮೇಲೆಯೂ ಮತ್ತೆ ಮತ್ತೆ ಬಳಸತಕ್ಕದ್ದು ಉಪಭೋಗ. ಮೊದಲನೆಯದಕ್ಕೆ ಅವರು ಕೊಡುವ ನಿದರ್ಶನ ಆಹಾರ, ಎರಡನೆಯದಕ್ಕೆ ವಸ್ತ್ರ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಹೊಲ, ಮನೆ, ಚಿನ್ನ, ಧಾನ್ಯಗಳೊಡನೆ ‘ಕುಪ್ಯ’ವನ್ನೂ ಎಣಿಸುತ್ತದೆ. ಕುಪ್ಯವೆಂದರೆ ನಾರು, ಹತ್ತಿ, ರೇಷ್ಮೆಯ ಬಟ್ಟೆ ಮೊದಲಾದವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಹೊಲಕ್ಕೂ ಚಿನ್ನಕ್ಕೂ ಮಿತಿ ಹಾಕಿಕೊಂಡ ಶ್ರಾವಕರನ್ನು ನಾನು ಕಂಡಿದ್ದೇನೆ. ಬೀರುವಿನೊಳಗಿನ ಬಟ್ಟೆಗೆ ಮಿತಿ ಹಾಕಿಕೊಂಡವರನ್ನು ಹುಡುಕಬೇಕಾಗಿದೆ. ಆರ್ಯಿಕೆಯರ ಒಂದೇ ಬಿಳಿಯ ಸೀರೆಗೆ ತಲೆಬಾಗುವ ನಾವು, ಎದ್ದು ನಿಂತೊಡನೆ ಪಕ್ಕದ ಶ್ರಾವಿಕೆಯನ್ನು ಸೀರೆಯಿಂದಲೇ ಅಳೆಯುತ್ತೇವೆ! ಉಪಭೋಗವಾಗಿದ್ದ ವಸ್ತ್ರವನ್ನು ಭೋಗವನ್ನಾಗಿ ಮಾಡಿಕೊಂಡದ್ದೇ ನಮ್ಮ ಇಂದಿನ ರೋಗ. ಇದಕ್ಕೆ ಮದ್ದು ಸೂಜಿ, ದಾರ ಮತ್ತು ಹೆಣಿಗೆಯ ಕಡ್ಡಿ ಎಂಬುದು ನನ್ನ ವಾದ.

ಇದನ್ನು ಹೇಳಿದ ಕೂಡಲೇ ಬರುವ ಮೊದಲ ಆಕ್ಷೇಪ ಹಣದ್ದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸಂತೆಯಲ್ಲಿ ಸಿದ್ಧ ಉಡುಪು ಸಿಗುವ ಬೆಲೆಗೆ ಒಳ್ಳೆಯ ಬಟ್ಟೆಯನ್ನು ಅಳೆದು ಕೊಳ್ಳುವುದೂ ಕಷ್ಟ. ಹೊಲಿಗೆಯ ದಾರ, ಗುಂಡಿ, ದುಡಿಮೆಯ ಹೊತ್ತು ಬೇರೆ. ಬಡವನಿಗೆ ಈ ಉಪದೇಶವೇಕೆ? ಆಕ್ಷೇಪ ನಿಜ. ಅದನ್ನು ಅಲ್ಲಗಳೆಯುವವರು ಸಂತೆಗೆ ಹೋಗಿಲ್ಲದವರು. ಆದರೆ ಅಷ್ಟು ಅಗ್ಗ ಹೇಗಾಯಿತೆಂದು ಶ್ರಾವಕನಾದವನು ಕೇಳಲೇಬೇಕು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಬಳಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಸಿದ್ಧ ಉಡುಪು ಹೊಲಿಯುತ್ತಿದ್ದವರು. ಅದು ದೂರದ ಮಾತೆನ್ನುವವರಿಗೆ ಹತ್ತಿರದ ಮಾತೂ ಉಂಟು. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ ಕಾರ್ಖಾನೆಯೊಂದು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಒಮ್ಮೆಗೇ ಕೆಲಸದಿಂದ ಕೂರಿಸಿತು. ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ನಮ್ಮ ಧರ್ಮದಲ್ಲಿ ಹಿಂಸೆಯು ಕೃತ, ಕಾರಿತ, ಅನುಮೋದನಗಳೆಂದು ಮೂರು ಬಗೆ. ಕೈ ನಮ್ಮದಲ್ಲದಿದ್ದರೂ ಮೆಚ್ಚಿ ಕೊಂಡ ಹಣ ನಮ್ಮದೇ.

“ನೀವು ಕೊಳ್ಳದಿದ್ದರೆ ಆ ಹೆಣ್ಣುಮಕ್ಕಳ ಅನ್ನಕ್ಕೇ ಕುತ್ತಲ್ಲವೇ?” ಎಂದು ಕೇಳುವವರಿದ್ದಾರೆ. ಕೊಳ್ಳುವುದನ್ನೇ ಬಿಡಿರೆಂದು ನಾನು ಹೇಳುತ್ತಿಲ್ಲ. ಹತ್ತು ಕೊಳ್ಳುವಲ್ಲಿ ಮೂರು ಕೊಂಡು, ಆ ಮೂರಕ್ಕೆ ನ್ಯಾಯವಾದ ಬೆಲೆ ಕೊಡಿ. ಊರಿನ ದರ್ಜಿಗೆ ಕೂಲಿ ಕೊಡುವಾಗ ಚೌಕಾಸಿ ಬಿಡಿ. ಮಿತಿಯಿಲ್ಲದೆ ಕೊಳ್ಳುವುದು ದಾನವೂ ಅಲ್ಲ, ದಯೆಯೂ ಅಲ್ಲ.

ಇನ್ನು ಕಡಿಮೆ ಹಣದ ಮಾತು. ಉಳಿತಾಯವಿರುವುದು ಹೊಸದನ್ನು ಹೊಲಿಯುವುದರಲ್ಲಿ ಅಲ್ಲ, ಇರುವುದನ್ನು ಉಳಿಸುವುದರಲ್ಲಿ. ಐದೂವರೆ ಮೀಟರಿನ ಹತ್ತಿ ಸೀರೆಯ ಅಂಚು ಸವೆದರೂ ನಡುವಿನ ಬಟ್ಟೆ ಗಟ್ಟಿಯಾಗಿರುತ್ತದೆ; ಮಗುವಿನ ಲಂಗವೂ ಒಂದೆರಡು ದಿಂಬಿನ ಚೀಲವೂ ಅದರಲ್ಲಿ ಅಡಗಿವೆ. ಅಂಗಿಯ ಕಾಲರು ಸವೆದರೆ ಬಿಚ್ಚಿ ತಿರುವಿ ಹೊಲಿದರೆ ಒಳಮೈ ಹೊರಗಾಗಿ ಅಂಗಿಗೆ ಮರುಹುಟ್ಟು. ಅಂಚು ಕತ್ತರಿಸದೆ ಹೆಣೆದ ಹಳೆಯ ಸ್ವೆಟರನ್ನು ಬಿಚ್ಚಿದರೆ ನೂಲು ಉದ್ದಕ್ಕೂ ಕೈಗೆ ಬರುತ್ತದೆ. ಲಡಿ ಕಟ್ಟಿ, ತೊಳೆದು, ಕೆಳಗೆ ಸಣ್ಣ ಭಾರವಿಟ್ಟು ಒಣಗಿಸಿದರೆ ಸುರುಳಿ ನೇರವಾಗಿ ಮತ್ತೆ ಹೆಣೆಯಲು ಸಿದ್ಧ. ಒಂದು ಜೊತೆ ಕಡ್ಡಿ ಜೀವಮಾನಕ್ಕೆ ಸಾಕು. ಧನುರ್ಮಾಸದ ಚಳಿಗೆ ಮಕ್ಕಳ ಟೋಪಿ, ಕುಲಾವಿಗಳಿಗೆ ಖರ್ಚೇನು? ಸಂಜೆಯ ಒಂದು ಗಂಟೆ.

ನಮ್ಮ ನಾಡಿಗೆ ಈ ವಿದ್ಯೆ ಹೊಸದಲ್ಲ. ಹುಣಸೂರಿನಲ್ಲಿ 1864ರವರೆಗೆ ಸೈನ್ಯಕ್ಕೆ ಸರಕು ಒದಗಿಸುತ್ತಿದ್ದ ಸರ್ಕಾರಿ ಕಾರ್ಖಾನೆಯಿದ್ದು, ಅಲ್ಲಿ ಕಂಬಳಿಯೂ ತಯಾರಾಗುತ್ತಿತ್ತು. ನಂಜನಗೂಡಿನ ಬಳಿಯ ಬದನವಾಳಿನಲ್ಲಿ ತಗಡೂರು ರಾಮಚಂದ್ರರಾಯರು ಬೆಳೆಸಿದ ಖಾದಿ ಕೇಂದ್ರವನ್ನು ನೋಡಲು 1927ರಲ್ಲಿ ಗಾಂಧೀಜಿಯವರೇ ಬಂದಿದ್ದರು. 1960ರ ದಶಕದ ಆರಂಭದಲ್ಲಿ ಬರಿಗೈಯಲ್ಲಿ ಬೈಲಕುಪ್ಪೆಗೆ ಬಂದ ಟಿಬೆಟಿನ ನಿರಾಶ್ರಿತರು ಕಾಡು ಕಡಿದು ಹೊಲ ಮಾಡಿಕೊಂಡ ಮೇಲೂ ಹೊಟ್ಟೆ ತುಂಬದಾದಾಗ ಚಳಿಗಾಲದಲ್ಲಿ ದೂರದ ನಗರಗಳಿಗೆ ಹೋಗಿ ಸ್ವೆಟರು ಮಾರಿ ಬದುಕಿದರು. ಮೊದಮೊದಲು ಕೈಯಲ್ಲಿ ಹೆಣೆದವನ್ನು, ಅನಂತರ ಲುಧಿಯಾನದ ಗಿರಣಿಗಳ ಮಾಲನ್ನು. ನೆಲೆ ತಪ್ಪಿದವರಿಗೆ ಕಡ್ಡಿ ಹಿಡಿಯಲು ನಾಚಿಕೆಯಾಗಲಿಲ್ಲ; ನೆಲೆಯಿರುವ ನಮಗೆ ಏಕೆ? ಕೃಷ್ಣರಾಜನಗರ ಸೀಮೆಯ ಚಿಕ್ಕ ಹನಸೋಗೆಯ ಪ್ರಾಚೀನ ಬಸದಿಯಲ್ಲಿ ನಾವು ಪೂಜಿಸುವ ಆದಿನಾಥ ಸ್ವಾಮಿ ಕರ್ಮಭೂಮಿಯ ಪ್ರಜೆಗಳಿಗೆ ಕಲಿಸಿದ ಆರು ವೃತ್ತಿಗಳಲ್ಲಿ ವಾಣಿಜ್ಯದ ಜೊತೆಗೆ ಶಿಲ್ಪವೂ ಇತ್ತು. ಶಿಲ್ಪವೆಂದರೆ ಕೈಗೆಲಸ. ವಾಣಿಜ್ಯವನ್ನು ಇಟ್ಟುಕೊಂಡು ಶಿಲ್ಪವನ್ನು ಬಿಟ್ಟ ನಾವು ಸ್ವಾಮಿಯ ಅರ್ಧ ಪಾಠವನ್ನು ಮರೆತವರು. ಅದನ್ನು ಹೆಂಗಸರಿಗೆ ಮಾತ್ರವೇ ಕಲಿಸಿದನೆಂದು ಯಾವ ಪುರಾಣವೂ ಹೇಳುವುದಿಲ್ಲ. ಆದ್ದರಿಂದ ಗಂಡಸರೂ ತಮ್ಮ ಗುಂಡಿಯನ್ನು ತಾವೇ ಹೊಲಿದುಕೊಳ್ಳಲಿ.

ಆದರೂ ಮನಸ್ಸು ಬರುವುದಿಲ್ಲ. ಇದೇ ಮುಖ್ಯ ಪ್ರಶ್ನೆ. ಪ್ರವಚನದಿಂದ ಹುರುಪು ಹುಟ್ಟುವುದಿದ್ದರೆ ಇಷ್ಟರಲ್ಲಿ ನಾವೆಲ್ಲ ಅಪರಿಗ್ರಹಿಗಳಾಗಿರಬೇಕಿತ್ತು. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯೇ ಕಾರಣವನ್ನು ತಿಳಿಸುತ್ತದೆ. ಬಡ ಶ್ರಾವಿಕೆ ತೇಪೆ ಹಾಕಿದ ರವಿಕೆ ತೊಟ್ಟರೆ ಅದು ದಾರಿದ್ರ್ಯ. ಟ್ರಸ್ಟಿನ ಅಧ್ಯಕ್ಷರ ಪತ್ನಿ ತೊಟ್ಟರೆ ಅದು ವ್ರತ. ಆದ್ದರಿಂದ ಮೊದಲು ತೊಡಬೇಕಾದವರು ಯಾರೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಉಳ್ಳವರು ತೊಡದೆ ಇಲ್ಲದವರಿಗೆ ಸರಳತೆಯನ್ನು ಬೋಧಿಸುವುದು ಧರ್ಮೋಪದೇಶವಲ್ಲ, ಅಪಹಾಸ್ಯ.

ನಮ್ಮ ಬಸದಿಗಳ ಆಡಳಿತ ಮಂಡಳಿಗಳಿಗೂ ಒಂದು ಮಾತು. ನಾನು ಬಲ್ಲ ಒಂದು ಟ್ರಸ್ಟಿನ ಉಗ್ರಾಣದಲ್ಲಿ ಯಾರೋ ದಾನಿಗಳು ಕೊಟ್ಟ ಎರಡು ಹೊಲಿಗೆ ಯಂತ್ರಗಳು ಮುರಿದ ಛತ್ರಿ, ಹಳೆಯ ಶಾಮಿಯಾನಗಳ ನಡುವೆ ತುಕ್ಕು ಹಿಡಿಯುತ್ತಿವೆ. ಅದೇ ಟ್ರಸ್ಟು ವರ್ಷವರ್ಷವೂ ಸಭೆ ಕರೆದು ಬಡ ಕುಟುಂಬಗಳಿಗೆ ಸೀರೆ, ರವಿಕೆ ಕಣ ಹಂಚುತ್ತದೆ, ಫೋಟೋ ತೆಗೆಸುತ್ತದೆ. ಅತಿಥಿಗಳಿಗೆ ಹೊದಿಸುವ ಶಾಲು ನಿಜವಾದ ರೇಷ್ಮೆಯದಾದರೆ ಅದು ಜೀವಂತ ಹುಳುವನ್ನು ಗೂಡಿನೊಳಗೇ ಬಿಸಿಗೊಡ್ಡಿ ಕೊಂದು ತೆಗೆದ ನೂಲು. ಪಾಲಿಯೆಸ್ಟರಿನದಾದರೆ ಅದು ಮಣ್ಣಿನಲ್ಲಿ ಕರಗದ ಪೆಟ್ರೋಲಿಯಂ ಎಳೆ. ಅಹಿಂಸೆಯ ವೇದಿಕೆಯ ಮೇಲೆ ಇವೆರಡಕ್ಕೂ ಸ್ಥಾನವಿರಬಾರದು. ಹಂಚುವ ಸೀರೆ ಒಂದು ವರ್ಷದ್ದು, ಕಲಿಸಿದ ಹೊಲಿಗೆ ಬದುಕಿನುದ್ದದ್ದು ಎಂಬ ಸರಳ ಗಣಿತ ವ್ಯಾಪಾರಿಗಳಾದ ನಮಗೆ ತಿಳಿಯದೇ?

ಆದುದರಿಂದ ನನ್ನ ಕೋರಿಕೆಗಳು ಇಷ್ಟೇ. ಪ್ರತಿಯೊಂದು ಊರಿನ ಬಸದಿಯ ಭವನದಲ್ಲಿ ಒಂದು ಕೋಣೆ ತೆರೆಯಲಿ. ಉಗ್ರಾಣದ ಯಂತ್ರಕ್ಕೆ ಎಣ್ಣೆ ಬೀಳಲಿ. ಊರಿನ ಅನುಭವಿ ದರ್ಜಿಯೊಬ್ಬರಿಗೆ, ಅವರು ಯಾವ ಮತದವರಾದರೂ ಸರಿ, ಗೌರವಧನ ಕೊಟ್ಟು ಕಲಿಸಲು ಕರೆಯಲಿ. ಅಷ್ಟಮಿ, ಚತುರ್ದಶಿಗಳು ಆರಂಭವನ್ನು ಬಿಡುವ ದಿನಗಳು. ಅವನ್ನು ತಪ್ಪಿಸಿ ವಾರಕ್ಕೊಂದು ಮಧ್ಯಾಹ್ನ ಎಲ್ಲರೂ ಕೂಡಿ ಕುಳಿತುಕೊಳ್ಳಲಿ. ಒಬ್ಬಳೇ ಕುಳಿತು ತೇಪೆ ಹಾಕುವವಳಿಗೆ ಬೇಸರ ಬರುತ್ತದೆ. ಹತ್ತು ಮಂದಿ ಕುಳಿತಲ್ಲಿ ಕೈ ತಾನಾಗಿ ಓಡುತ್ತದೆ. ಹುರುಪೆಂಬುದು ಹುಟ್ಟುವುದು ಅಲ್ಲಿ. ನಮ್ಮ ಜವಳಿ ವ್ಯಾಪಾರಿ ಬಂಧುಗಳು ತುಂಡು ಬಟ್ಟೆಗಳನ್ನು ಈ ಕೋಣೆಗಳಿಗೆ ಅಸಲು ಬೆಲೆಗೆ ಕೊಡಲಿ. ಈ ಲೇಖನ ಅವರ ಗಿರಾಕಿಯನ್ನು ಕಡಿಮೆ ಮಾಡಬಹುದೆಂಬುದನ್ನು ನಾನು ಬಲ್ಲೆ. ಆದರೂ ತಂಬಾಕು ಹರಾಜಿನ ಹಣ ಕೈಗೆ ಬಂದ ವಾರವೇ ರೈತನ ಜೇಬು ಬರಿದಾಗುವುದನ್ನು ಅಂಗಡಿಯೊಳಗಿನಿಂದಲೇ ಕಂಡವರು ಅವರು. ಅವರ ಅಂತಃಕರಣ ಬೇರೆ ಮಾತಾಡಲಾರದು.

ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯಲ್ಲಿ ಬಾಹುಬಲಿ ಸ್ವಾಮಿ ಮೈಮೇಲೆ ಒಂದೆಳೆ ನೂಲಿಲ್ಲದೆ ಶತಮಾನಗಳಿಂದ ನಿಂತಿದ್ದಾನೆ. ಆ ಪದವಿ ನಮಗೆ ದೂರ. ಗೃಹಸ್ಥರಿಗೆ ಬಟ್ಟೆ ಬೇಕು. ಆದರೆ ಎಲ್ಲವನ್ನೂ ತೊರೆದವನ ಪಾದದ ಬಳಿ ಎಷ್ಟು ತೊಟ್ಟು ನಿಂತಿದ್ದೇವೆಂಬುದನ್ನಾದರೂ ಎಣಿಸೋಣ. ಬರುವ ಆಕಿಂಚನ್ಯದ ದಿನ ನಾನು ಕಾಲರು ತಿರುವಿ ಹೊಲಿದ ನನ್ನ ಹಳೆಯ ಅಂಗಿಯನ್ನು ತೊಟ್ಟು ಬಸದಿಗೆ ಹೋಗುವವನಿದ್ದೇನೆ. ಆ ಶ್ರಾವಿಕೆ ಹೋದ ವರ್ಷದ ಸೀರೆಯಲ್ಲಿಯೇ ಬಂದು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವಂತಾದರೆ ಪರ್ವ ಸಾರ್ಥಕ. ಅವರನ್ನು ಕರೆತರುವ ಹೊಣೆ ನಮ್ಮೆಲ್ಲರದು.