ಮಾಸು ಕಸವೂ ಅಲ್ಲ, ಸರಕೂ ಅಲ್ಲ

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಯಾರಾದರೂ ಬಸುರಿ ಇದ್ದಾರಾ? ಹಾಗಿದ್ದರೆ ಸ್ಕ್ಯಾನಿಂಗ್ ಸೆಂಟರಿನ ಬೆಂಚಿನ ಮೇಲೆ ಕೂತಾಗ ಕೈಗೆ ಬರುವ ಆ ನುಣುಪು ಕಾಗದದ ಬ್ರೋಷರನ್ನು ನೀವೂ ನೋಡಿರುತ್ತೀರಿ. ಕಳೆದ ತಿಂಗಳು ತಂಗಿಯ ಜೊತೆ ಹೋದಾಗ ನಮಗೂ ಒಂದು ಸಿಕ್ಕಿತು. ಅವಳಿಗೀಗ ಐದನೇ ತಿಂಗಳು. ಟೈ ಕಟ್ಟಿದ ಹುಡುಗ ಬಹಳ ನಯವಾಗಿ, “ಮೇಡಂ, ಹೊಕ್ಕುಳಬಳ್ಳಿ ರಕ್ತದ ಜೊತೆ ಮಾಸಿನ ಸ್ಟೆಮ್ ಸೆಲ್ಲನ್ನೂ ಕಾದಿಡ್ತೀವಿ. ಪ್ರಪಂಚದಲ್ಲೆಲ್ಲಾ ಇದರ ಮೇಲೆ ರಿಸರ್ಚ್ ನಡೀತಿದೆ, ಮಗೂಗೆ ಇದೇ ವಿಮೆ” ಅಂದ. ಕಂತಿನಲ್ಲೂ ಕಟ್ಟಬಹುದಂತೆ. ತಂಗಿ ಅಲ್ಲೇ ಗಂಡನಿಗೆ ಫೋನ್ ಹಚ್ಚಿದಳು.

ರಿಸರ್ಚ್ ನಡೀತಿರೋದು ನಿಜ. ಆದರೆ ಆ ರಿಸರ್ಚೇ ಬೇರೆ, ಈ ಹುಡುಗ ಮಾರುತ್ತಿದ್ದದ್ದೇ ಬೇರೆ. ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿ ನಮ್ಮ ಕೊರಳಿಗೆ ಹಾಕುತ್ತಾರೆ. ಸಹಿ ಹಾಕುವ ಮುಂಚೆ ಸ್ವಲ್ಪ ಕೂತು ಯೋಚಿಸೋಣ.

ನಮ್ಮಜ್ಜಿಯ ಕಾಲದಲ್ಲಿ ಹೆರಿಗೆಯಾದ ಮೇಲೆ ಮಾಸನ್ನು ಹಿತ್ತಲಲ್ಲಿ ಗುಂಡಿ ತೋಡಿ ಹೂಳುತ್ತಿದ್ದರು. ಈಗ ಆಸ್ಪತ್ರೆಯ ಹಳದಿ ಚೀಲಕ್ಕೆ ಹೋಗುತ್ತದೆ. ಎರಡೂ ಕಾಲದಲ್ಲಿ ಅದರ ಕಡೆ ಹೊರಳಿ ನೋಡಿದವರು ಕಡಿಮೆ. ಅರ್ಧ ಕೆ.ಜಿ. ತೂಕದ, ಊಟದ ತಟ್ಟೆಯಷ್ಟಗಲದ ಈ ಅಂಗ ಒಂಬತ್ತು ತಿಂಗಳು ಮಗುವಿಗೆ ಶ್ವಾಸಕೋಶ, ಮೂತ್ರಪಿಂಡ, ಕರುಳು ಎಲ್ಲಾ ತಾನೇ ಆಗಿರುತ್ತದೆ. ಒಳಗಿನ ಎಳೆಎಳೆ ಕವಲುಗಳನ್ನೆಲ್ಲ ಬಿಡಿಸಿ ಹಾಸಿದರೆ 10ಕ್ಕೆ 12 ಅಡಿಯ ಬೆಡ್‌ರೂಮಿನ ನೆಲದಷ್ಟು ಜಾಗ ಬೇಕು. ತಾಯಿಯ ರಕ್ತ, ಮಗುವಿನ ರಕ್ತ ನೇರವಾಗಿ ಕೂಡುವುದಿಲ್ಲ. ಆ ಕವಲುಗಳ ತೆಳು ಗೋಡೆಯ ಆಚೀಚೆ ನಿಂತೇ ಕೊಡು-ಕೊಳ್ಳುವಿಕೆ ನಡೆಯುತ್ತದೆ.

ಅಂಡ ಫಲಿತವಾದ ಐದನೇ ದಿನದ ಹೊತ್ತಿಗೇ ಅದರೊಳಗೆ ಎರಡು ಪಾಲಾಗಿರುತ್ತದೆ. ಒಳಗಿನ ಪುಟ್ಟ ಗುಂಪು ಮಗುವಾಗುತ್ತದೆ. ಹೊರಗಿನ ಪದರವೇ ಟ್ರೋಫೋಬ್ಲಾಸ್ಟ್, ಅದು ಮಾಸಾಗುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡಿಕೊಂಡಾಗ ಕಡ್ಡಿಯ ಮೇಲೆ ಎರಡು ಗೆರೆ ಮೂಡುತ್ತಲ್ಲ, ಅದು ಈ ಕೋಶಗಳು ಬಿಡುವ ಹಾರ್ಮೋನಿನ ಗುರುತು. ಅಂದರೆ ನಮಗೆ ಮೊದಲ ಸುದ್ದಿ ಕೊಡೋದು ಮಗುವಲ್ಲ, ಮಾಸು!

ಇದೇ ಕೋಶಗಳಿಗೆ ಇನ್ನೊಂದು ದೊಡ್ಡ ಕೆಲಸವಿದೆ. ಗರ್ಭಕೋಶದ ಗೋಡೆ ಕೊರೆದು ಒಳಹೊಕ್ಕು, ಅಲ್ಲಿನ ಸುರುಳಿ ರಕ್ತನಾಳಗಳನ್ನು ಅಗಲ ಮಾಡಬೇಕು. ಸಣ್ಣ ನಲ್ಲಿ ಪೈಪನ್ನು ದೊಡ್ಡ ಪೈಪಿಗೆ ಬದಲಾಯಿಸಿದ ಹಾಗೆ. ಈ ಕೆಲಸ ಅರೆಬರೆಯಾದರೆ ಮಗುವಿಗೆ ರಕ್ತ ಸಾಲದು, ತೂಕ ಏರದು. ಎಷ್ಟೋ ಸಲ ತಾಯಿಗೆ ಬಿ.ಪಿ. ಏರಿ, ನಮ್ಮ ಹಿರಿಯರು ನಂಜು ಅನ್ನುತ್ತಿದ್ದ ಪ್ರಿ-ಎಕ್ಲಾಂಪ್ಸಿಯಾ ಕಾಣಿಸಿಕೊಳ್ಳುತ್ತದೆ. ತೊಂದರೆ ಕಾಣೋದು ಆರು-ಏಳನೇ ತಿಂಗಳಲ್ಲಿ, ಬೇರು ಬಿಟ್ಟಿರೋದು ಮೊದಲ ತಿಂಗಳುಗಳಲ್ಲಿ.

ಹಾಗಾದರೆ ಮೊದಲೇ ನೋಡಬಾರದಾ ಅಂತೀರಾ? ಕಷ್ಟ ಇರೋದೇ ಅಲ್ಲಿ. ಎರಡು ತಿಂಗಳ ಬಸುರಿಯ ಹೊಟ್ಟೆಯೊಳಗೆ ಕೈಹಾಕಿ ಪ್ರಯೋಗ ಮಾಡಲಾಗದು. ಇಲಿಯ ಬಸುರು ಮೂರು ವಾರದ್ದು, ಹಸುವಿನ ಮಾಸು ನಮ್ಮದರಂತೆ ಆಳಕ್ಕೆ ಇಳಿಯುವುದೇ ಇಲ್ಲ. 1998ರಲ್ಲಿ ಕೆನಡಾದ ಟೊರಾಂಟೊದಲ್ಲಿ ಜಾನೆಟ್ ರೋಸಂಟ್ ಅವರ ಪ್ರಯೋಗಾಲಯದಲ್ಲಿ ಸತೋಶಿ ತನಾಕ ಮತ್ತು ಸಂಗಡಿಗರು ಇಲಿಯ ಟ್ರೋಫೋಬ್ಲಾಸ್ಟ್ ಆಕರಕೋಶಗಳನ್ನು, ಅಂದರೆ ಮಾಸಿನ ಬೇರೆಬೇರೆ ಕೋಶಗಳಾಗಬಲ್ಲ ಸ್ಟೆಮ್ ಸೆಲ್‌ಗಳನ್ನು, ಬೆಳೆಸಿ ತೋರಿಸಿದರು. ಮನುಷ್ಯರದ್ದು ಮಾತ್ರ ಜಪ್ಪಯ್ಯ ಅಂದರೂ ಬೆಳೆಯಲಿಲ್ಲ. ಇಲಿಗೆ ಒಗ್ಗಿದ ಆಹಾರ ಇದಕ್ಕೆ ಒಗ್ಗಲಿಲ್ಲ. 2018ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಹಿರೋಆಕಿ ಒಕಾಯೆ, ತಕಾಹಿರೊ ಅರಿಮ ಅವರ ತಂಡ ಸರಿಯಾದ ಹದ ಕಂಡುಹಿಡಿಯಿತು. ಇಪ್ಪತ್ತು ವರ್ಷ ಬೇಕಾಯಿತು ನೋಡಿ! ಅದೇ ವರ್ಷ ಕೇಂಬ್ರಿಜ್‌ನ ಮಾರ್ಗರಿಟಾ ಟರ್ಕೊ, ಆಶ್ಲಿ ಮಾಫೆಟ್ ತಂಡ ಪುಟಾಣಿ ಮಾಸಿನಂಥ ಗೆಡ್ಡೆಗಳನ್ನು ಬೆಳೆಸಿತು. ಅವು ಬಿಟ್ಟ ದ್ರವದಲ್ಲಿ ಅಂಗಡಿಯ ಪ್ರೆಗ್ನೆನ್ಸಿ ಕಡ್ಡಿ ಅದ್ದಿದರೆ ಪಾಸಿಟಿವ್ ಬರುತ್ತಿತ್ತಂತೆ!

ಈಗ ಆ ಹುಡುಗನ ಮಾತಿಗೆ ಬನ್ನಿ. 2018ರಲ್ಲಿ ಜಪಾನಿನವರು ಈ ಕೋಶಗಳನ್ನು ಬೆಳೆಸಿದ್ದು ಗರ್ಭದ ಆರಂಭದ ವಾರಗಳ ಮಾಸಿನಿಂದ ಮತ್ತು ಐದಾರು ದಿನದ ಭ್ರೂಣದಿಂದ. ಹೆರಿಗೆಯ ನಂತರ ಬೀಳುವ ಮಾಸಿನಿಂದಲ್ಲ. ಅವು ಮಾಸಿನ ಕೋಶ ಆಗಬಲ್ಲವೇ ಹೊರತು ರಕ್ತವೋ ಮೆದುಳೋ ಆಗವು. ನಂಜು ಯಾಕೆ ಬರುತ್ತೆ, ಗರ್ಭ ಯಾಕೆ ನಿಲ್ಲಲ್ಲ ಅಂತ ತಿಳಿಯೋದಕ್ಕೆ ಅವು ಬೇಕು. ನಿಮ್ಮ ಮಗುವಿಗೆ ಮುಂದೆ ಬರಬಹುದಾದ ಕಾಯಿಲೆಗೆ ಮದ್ದಾಗೋದಕ್ಕಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ದುಡ್ಡು ತೆಗೆದುಕೊಂಡು ಕಾದಿಡಲು ಒಪ್ಪಿದ್ದು ಹೊಕ್ಕುಳಬಳ್ಳಿಯ ರಕ್ತವೊಂದನ್ನೇ. ಮಾಸು, ಬಳ್ಳಿಯ ಅಂಗಾಂಶ, ಹಲ್ಲು ಇವುಗಳ ಬ್ಯಾಂಕಿಗೆ ಅದರಲ್ಲಿ ಒಪ್ಪಿಗೆ ಇಲ್ಲ.

ಹೋಗಲಿ, ಬಳ್ಳಿಯ ರಕ್ತವನ್ನಾದರೂ ಇಡೋಣವೇ? ಅದರಲ್ಲಿರೋದು ರಕ್ತ ಹುಟ್ಟಿಸುವ ಆಕರಕೋಶ. ಬೇರೆಯವರ ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾಕ್ಕೆ ಉಪಯೋಗ ಇದೆ. ಆದರೆ ಮಗುವಿಗೇ ಹುಟ್ಟಿನಿಂದ ದೋಷವಿದ್ದರೆ ಅದರ ಬಳ್ಳಿಯ ರಕ್ತದಲ್ಲೂ ಅದೇ ದೋಷ ಇರುತ್ತಲ್ಲ! ಮಗು ತನ್ನದೇ ರಕ್ತ ಬಳಸುವ ಸಂಭವ 2,500ರಲ್ಲಿ ಒಂದರಿಂದ 2 ಲಕ್ಷದಲ್ಲಿ ಒಂದು ಅಂತ ಭಾರತೀಯ ಮಕ್ಕಳ ವೈದ್ಯರ ಸಂಘ 2018ರಲ್ಲೇ ಹೇಳಿದೆ. ಮನೆಯಲ್ಲಿ ಈಗಾಗಲೇ ಥಲಸ್ಸೀಮಿಯಾದಂಥ ಕಾಯಿಲೆಯ ಮಗುವಿದ್ದು, ತಮ್ಮನೋ ತಂಗಿಯೋ ಹುಟ್ಟುವುದಿದ್ದರೆ ಮಾತು ಬೇರೆ. ಆಗ ಡಾಕ್ಟರೇ ಹೇಳುತ್ತಾರೆ. ಉಳಿದವರು ಆ ಕಂತನ್ನು ಆರ್.ಡಿ. ಕಟ್ಟಿಕೊಳ್ಳಬಹುದು, ಇದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯ. ಇದನ್ನು ಅತ್ತೆಯಂದಿರೂ ಓದಲಿ. ಎರಡು ಸಲ ಗರ್ಭ ಹೋದರೆ, ಮಗು ಸಣ್ಣದಾಗಿ ಹುಟ್ಟಿದರೆ “ಅವಳ ಹೊಟ್ಟೆಯೇ ಸರಿ ಇಲ್ಲ” ಅನ್ನುವ ಮಾತು ನಮ್ಮ ಅಪಾರ್ಟ್‌ಮೆಂಟುಗಳಲ್ಲೂ ಕೇಳುತ್ತದೆ. ಆದರೆ ಮಾಸು ತಾಯಿಯ ಅಂಗವೇ ಅಲ್ಲ ಕಣ್ರೀ! ಅದು ಹುಟ್ಟೋದು ಮಗುವಿನ ಜೊತೆಗೆ, ಅರ್ಧ ಅಮ್ಮನಿಂದ, ಅರ್ಧ ಅಪ್ಪನಿಂದ. 1984ರಲ್ಲಿ ಕೇಂಬ್ರಿಜ್‌ನಲ್ಲಿ ಅಜೀಂ ಸುರಾನಿ ಅವರು ಇಲಿಗಳಲ್ಲಿ ಮಾಡಿದ ಪ್ರಯೋಗ ನೋಡಿ. ತಾಯಿಯ ಕಡೆಯ ವಂಶವಾಹಿ ಮಾತ್ರ ಇದ್ದ ಭ್ರೂಣದಲ್ಲಿ ಮರಿ ಸ್ವಲ್ಪ ಬೆಳೆಯಿತು, ಮಾಸು ಬೆಳೆಯಲಿಲ್ಲ. ತಂದೆಯದು ಮಾತ್ರ ಇದ್ದಾಗ ಮಾಸಿನ ಭಾಗ ಬೆಳೆಯಿತು, ಮರಿ ಬೆಳೆಯಲಿಲ್ಲ. ಮಾಸಿನ ವಿಷಯದಲ್ಲಿ ಅಪ್ಪನ ಪಾಲು ಅಷ್ಟು ದೊಡ್ಡದು. ಸೊಸೆಯ ಕಡೆ ತೋರಿಸಿದ ಬೆರಳನ್ನು ದಯವಿಟ್ಟು ಮಡಚಿಕೊಳ್ಳಿ. ಮಗನ ಕಡೆ ತಿರುಗಿಸಿ ಅಂತಲೂ ನಾನು ಹೇಳ್ತಿಲ್ಲ, ಇದು ಯಾರ ತಪ್ಪೂ ಅಲ್ಲ. ಅಂಥ ದುಃಖ ಬಂದಾಗ ಮಾಸನ್ನು ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಮುಂದಿನ ಬಸುರಿಗೆ ಅದು ದಾರಿ ತೋರಿಸಬಹುದು.

ಸಂಶೋಧನೆಯಿಂದ ನಮ್ಮ ಅಡುಗೆಮನೆಯವರೆಗೆ ಬಂದಿದ್ದೇನು ಅಂತ ಕೇಳಿದರೆ, ಸ್ವಲ್ಪ ಬಂದಿದೆ. ನಂಜಿನಲ್ಲಿ ಮಾಸು ಅತಿಯಾಗಿ ಬಿಡುವ ಒಂದು ಪ್ರೋಟೀನು ತಾಯಿಯ ರಕ್ತನಾಳಗಳನ್ನು ಕೆಡಿಸುತ್ತದೆ ಅಂತ 2003ರಲ್ಲಿ ಬಾಸ್ಟನ್ನಿನಲ್ಲಿ ಭಾರತೀಯ ಮೂಲದ ಡಾ. ಅನಂತ್ ಕರುಮಂಚಿ ತಂಡ ತೋರಿಸಿತು. ಅದರ ಆಧಾರದ ರಕ್ತಪರೀಕ್ಷೆಗೆ 2023ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ. 2017ರ ಯುರೋಪಿನ ದೊಡ್ಡ ಅಧ್ಯಯನವೊಂದರಲ್ಲಿ, ಅಪಾಯ ಹೆಚ್ಚಿದ್ದ ಗರ್ಭಿಣಿಯರಿಗೆ ಮೂರು ತಿಂಗಳ ಆಸುಪಾಸಿನಿಂದ ರಾತ್ರಿ 150 ಮಿ.ಗ್ರಾಂ. ಆಸ್ಪಿರಿನ್ ಕೊಟ್ಟಾಗ, ದಿನ ತುಂಬುವ ಮುಂಚೆ ಕಾಡುವ ನಂಜು ಶೇ 4.3ರಿಂದ ಶೇ 1.6ಕ್ಕೆ ಇಳಿಯಿತು. ಓದಿದ ಕೂಡಲೇ ಮೆಡಿಕಲ್ ಶಾಪಿಗೆ ಓಡಬೇಡಿ! ಹಿಂದಿನ ಬಸುರಿನಲ್ಲಿ ನಂಜಾಗಿದ್ದರೆ, ಮೊದಲೇ ಬಿ.ಪಿ., ಶುಗರ್, ಕಿಡ್ನಿ ತೊಂದರೆ ಇದ್ದರೆ, ಅವಳಿ ಇದ್ದರೆ ಎರಡು-ಮೂರನೇ ತಿಂಗಳಲ್ಲೇ ಬಾಯಿಬಿಟ್ಟು ಕೇಳಿ. ಐದನೇ ತಿಂಗಳಲ್ಲಿ ನೆನಪಾದರೆ ಸಿಗುವ ಲಾಭ ಕಡಿಮೆ.

ಕ್ಯಾಲ್ಸಿಯಂ ಮಾತ್ರೆಯದ್ದು ನಮ್ಮೂರಿನದ್ದೇ ಸುದ್ದಿ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಇಲ್ಲಿನ 11,000 ಗರ್ಭಿಣಿಯರಲ್ಲಿ ಮಾಡಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಟಾಂಜಾನಿಯಾದಲ್ಲೂ ಅಷ್ಟೇ ಜನರಲ್ಲಿ ನಡೆಯಿತು. ದಿನಕ್ಕೆ 500 ಮಿ.ಗ್ರಾಂ. ತೆಗೆದುಕೊಂಡವರಲ್ಲಿ ನಂಜು ಶೇ 3, 1,500 ತೆಗೆದುಕೊಂಡವರಲ್ಲಿ ಶೇ 3.6. ಅಂದರೆ ನಂಜು ತಡೆಯುವುದರಲ್ಲಿ ಕಡಿಮೆ ಪ್ರಮಾಣವೇನೂ ಕಮ್ಮಿಯಿಲ್ಲ. ನಿಮಗೆಷ್ಟು ಅನ್ನೋದನ್ನು ಡಾಕ್ಟರು ಹೇಳಲಿ. ಐರನ್ ಮಾತ್ರೆ ಜೊತೆ ಒಟ್ಟಿಗೇ ನುಂಗಬೇಡಿ, ಕ್ಯಾಲ್ಸಿಯಂ ಐರನ್ನನ್ನು ಸರಿಯಾಗಿ ಹೀರಲು ಬಿಡುವುದಿಲ್ಲ.

ಮಾಸು ಕೊರೆಯಬೇಕಾದ್ದಕ್ಕಿಂತ ಕಡಿಮೆ ಕೊರೆದರೆ ನಂಜು. ಮಿತಿ ಮೀರಿ ಕೊರೆದರೆ ಹೆರಿಗೆಯಲ್ಲಿ ಬಿಡಿಸಿಕೊಳ್ಳದೆ ರಕ್ತ ಸುರಿಯುತ್ತದೆ. ಸಿಸೇರಿಯನ್ ಗಾಯದ ಮೇಲೆ ಮಾಸು ಕೂತಾಗ ಈ ಅಪಾಯ ಜಾಸ್ತಿ. ಮಾಸು ಗರ್ಭದ ಬಾಯಿಗೆ ಅಡ್ಡ ಕೂತಿದ್ದವರನ್ನು ಅಮೆರಿಕದಲ್ಲಿ ಗಮನಿಸಿದಾಗ, ಹಿಂದೆ ಒಂದು ಸಿಸೇರಿಯನ್ ಆದವರಲ್ಲಿ ಶೇ 11, ಎರಡಾದವರಲ್ಲಿ ಶೇ 40 ಜನರಿಗೆ ಹೀಗಾಗಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5 ಸಿಸೇರಿಯನ್. ಮೊದಲನೆಯದು ಸಿಸೇರಿಯನ್ ಆಗಿದ್ದರೆ ಎರಡನೆಯದರ ಐದನೇ ತಿಂಗಳ ಸ್ಕ್ಯಾನಿನಲ್ಲಿ “ಮಾಸು ಎಲ್ಲಿ ಕೂತಿದೆ? ಹಳೇ ಹೊಲಿಗೆ ಮೇಲಾ?” ಅಂತ ಕೇಳದೇ ಮಂಚದಿಂದ ಇಳಿಯಬೇಡಿ.

ತಲೆ ಸಿಡಿಯುವಂತೆ ನೋವು, ಕಣ್ಣು ಮಂಜು, ಎದೆಗೂಡಿನ ಕೆಳಗೆ ಬಲಕ್ಕೆ ನೋವು, ದಿಢೀರನೆ ಮುಖ ಊದುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು. ಇವಕ್ಕೆ ಜೀರಿಗೆ ಕಷಾಯ ಕುಡಿದು ಬೆಳಗಾಗಲಿ ಅಂತ ಕಾಯುವಂತಿಲ್ಲ. ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೇ ಹೋಗಬೇಕು. ಬಿ.ಪಿ. 140/90 ತಲುಪಿದರೂ ಅಷ್ಟೇ, ಡಾಕ್ಟರಿಗೆ ಅಂದೇ ತಿಳಿಸಿ.

ತಂಗಿ ಆ ಹುಡುಗನ ಫೋನಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಬಿ.ಪಿ. ನೋಡುವ ಮಶಿನ್ ಮಾತ್ರ ಕೊಂಡಿದ್ದಾಳೆ. ಬೆಳಗಿನ ಕಾಫಿಗೆ ಮುಂಚೆ ಐದು ನಿಮಿಷ ಸುಮ್ಮನೆ ಕೂತು ಬಿ.ಪಿ. ನೋಡಿಕೊಂಡು, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಪಕ್ಕಕ್ಕೆ ಬರೆದಿಡುತ್ತಾಳೆ.