ಓಟ ಮುಗಿಯುವ ಮೊದಲೇ ಹಾರ

ಈ ವಾರ ನಮ್ಮ ನವಲಗುಂದ ಸೀಮೆಯ ಒಂದು ಕ್ರೀಡಾಕೂಟದಲ್ಲಿ ಹುಡುಗಿಯರ 3000 ಮೀಟರ್ ಓಟವನ್ನು ನಡುವೆಯೇ ನಿಲ್ಲಿಸಿದರು. 200 ಮೀಟರಿನ ಟ್ರ್ಯಾಕು, ಹದಿನೈದು ಸುತ್ತು ಆಗಬೇಕು. ಹತ್ತಕ್ಕೇ ಸೀಟಿ ಊದಿ ನಂಬರು ಕೊಟ್ಟರು. ಅತಿಥಿಗಳ ಗಾಡಿ ಬಂದಿತ್ತು. ಕೇಳಿದ್ದಕ್ಕೆ ಸಿಕ್ಕ ಉತ್ತರ: “ಹೆಣ್ಣಮಕ್ಕಳು ಇಷ್ಟ ಓಡಿದ್ದ ಭಾಳ ಆತ್ರೀ. ಬಿಸಲಾಗ ಬಿದ್ದು ಗಿದ್ದು ಹೋದ್ರ ಜವಾಬ್ದಾರಿ ಯಾರು?”

ಇದು ಹಳೇ ಸುಳ್ಳು. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸಿನಲ್ಲಿ 800 ಮೀಟರ್ ಓಡಿದ ಮಹಿಳೆಯರು ಕುಸಿದು ಬಿದ್ದರೆಂದು ಪತ್ರಿಕೆಗಳು ಬಣ್ಣ ಕಟ್ಟಿ ಬರೆದವು. ಅದರ ಮೇಲೆ ಕೈಬಿಟ್ಟ ಆ ಓಟ ಮತ್ತೆ ಬಂದದ್ದು 1960ರಲ್ಲಿ. ಗಂಡಸರು 1912ರಿಂದಲೇ ಓಡುತ್ತಿದ್ದ 5000 ಮೀಟರ್ ಮಹಿಳೆಯರಿಗೆ ಸಿಕ್ಕಿದ್ದು 1996ರಲ್ಲಿ!

ದೂರದ ಓಟದ ಜೀವ ಇರುವುದೇ ಕೊನೆಯಲ್ಲಿ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ 5000 ಮೀಟರ್ ನೆನಪಿಸಿಕೊಳ್ಳಿ. ಪಾರುಲ್ ಚೌಧರಿ ಹಿಂದಿನ ದಿನವಷ್ಟೇ ಸ್ಟೀಪಲ್‌ಚೇಸ್ ಓಡಿ ಬೆಳ್ಳಿ ಗೆದ್ದಿದ್ದರು. ಕೊನೆಯ ನೇರದಲ್ಲೂ ಜಪಾನಿನ ರಿರಿಕಾ ಹಿರೊನಾಕಾ ಮುಂದಿದ್ದರು. ಗೆರೆ ಇನ್ನೇನು ಬಂತು ಅನ್ನುವಾಗ ಪಾರುಲ್ ದಾಟಿದರು. 15 ನಿಮಿಷ 14.75 ಸೆಕೆಂಡಿಗೆ ಚಿನ್ನ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇಪ್ಪತ್ತೈದು ಸುತ್ತು ಓಡಿದ ಮೇಲೂ ಪ್ರೀಜಾ ಶ್ರೀಧರನ್ ಮತ್ತು ಕವಿತಾ ರಾವುತ್ ನಡುವೆ ಒಂದು ಸೆಕೆಂಡಿನ ಅಂತರವೂ ಇರಲಿಲ್ಲ. ಅಲ್ಲಿ ಯಾರಾದರೂ ನಡುವೆ ಸೀಟಿ ಊದಿದ್ದರೆ?

ಕರ್ನಾಟಕದ ಓಟಗಾರ್ತಿಯರೆಂದರೆ ನೆನಪಾಗುವವರು ಅಶ್ವಿನಿ ನಾಚಪ್ಪ, ವಂದನಾ ರಾವ್, ಪೂವಮ್ಮ. ಮೂವರ ಹೆಸರೂ ಕಡಿಮೆ ದೂರದ ಓಟಗಳ ಜೊತೆಗೇ ಬರುತ್ತದೆ. ದೂರ ಓಡುವ ಕಾಲು ನಮ್ಮಲ್ಲಿಲ್ಲವೇ? ಮಲಪ್ರಭಾ ಕಾಲುವೆಯ ದಂಡೆ ಹಿಡಿದು ಶಾಲೆಗೆ ಬರುವ, ಮಳೆಗಾಲದಲ್ಲಿ ಮೆತ್ತಿಕೊಂಡ ಎರಿ ಮಣ್ಣನ್ನು ಕಿತ್ತುಕೊಂಡು ನಡೆಯುವ ಹುಡುಗಿಯರಿಗೆ ಹದಿನೈದು ಸುತ್ತು ಭಾರವೇ?

ಹಾರ ತುರಾಯಿಯ ಬಗ್ಗೆ ಹಿಂದೆಯೂ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. ಸ್ವಾಗತ, ಪ್ರಾಸ್ತಾವಿಕ, ಶಾಲು, ನೆನಪಿನ ಕಾಣಿಕೆ. ಮೊನ್ನೆ ವೇದಿಕೆ ತುಂಬ ಕುಳಿತವರಲ್ಲಿ ಒಬ್ಬರ ಸತ್ಕಾರವೂ ತಪ್ಪಲಿಲ್ಲ, ಒಬ್ಬರ ಭಾಷಣವೂ ಮೊಟಕಾಗಲಿಲ್ಲ. ಮೊಟಕಾದದ್ದು ಹುಡುಗಿಯರ ಓಟ ಮಾತ್ರ.

ಸೀಟಿ ಊದಿದಾಗ ಎರಡನೆಯವಳಾಗಿದ್ದ ಬರಿಗಾಲಿನ ಹುಡುಗಿ ನಿಲ್ಲಲಿಲ್ಲ. ಹಿಡಿದು ನಿಲ್ಲಿಸಿದಾಗ, “ಇನ್ನೂ ಐದು ಅದಾವಲ್ರೀ ಸರ್” ಅಂದಳು. ಅವಳ ಲೆಕ್ಕ ಸರಿಯಿತ್ತು. ಆ ಓಟವನ್ನು ಮತ್ತೆ ನಡೆಸಬೇಕು, ಹದಿನೈದೂ ಸುತ್ತು. ಅಷ್ಟು ಎಣಿಸುವ ತಾಳ್ಮೆ ಇಲ್ಲದವರು ಸೀಟಿಯನ್ನು ಬೇರೆಯವರ ಕೈಗೆ ಕೊಟ್ಟು ವೇದಿಕೆ ಹತ್ತಲಿ.