ಬೇಟೆಯ ಚೀಟಿ ಯಾರ ಪಾಲಿಗೆ?

ಅಮೆರಿಕದ ಪಶ್ಚಿಮ ಭಾಗದ ಬೆಟ್ಟಗಾಡು ರಾಜ್ಯಗಳಲ್ಲಿ ಮೇ ತಿಂಗಳು ಬಂತೆಂದರೆ ಸಾವಿರಾರು ಮನೆಗಳಲ್ಲಿ ತಳಮಳ ಶುರುವಾಗುತ್ತದೆ. ಲಾಟರಿಯ ಫಲಿತಾಂಶ ಪ್ರಕಟವಾಗುವವರೆಗೂ ತಡೆಯಲಾರದೆ ಕ್ರೆಡಿಟ್ ಕಾರ್ಡಿನ ಲೆಕ್ಕ ತೆಗೆದು ನೋಡುವವರು ಅನೇಕರು. ವನ್ಯಜೀವಿ ಇಲಾಖೆ ಹಣ ಕಡಿದುಕೊಂಡಿದ್ದರೆ ಚೀಟಿ ಎದ್ದಿದೆ ಎಂದರ್ಥ. ಕಡಿಯದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಖಾತೆಯಿಂದ ದುಡ್ಡು ಹೋಯಿತೆಂದು ಮನುಷ್ಯ ಕುಣಿದಾಡುವ ಸಂದರ್ಭ ಲೋಕದಲ್ಲಿ ಇದೊಂದೇ ಇರಬೇಕು.

ಈ ಚೀಟಿ ಬೇಟೆಯ ಚೀಟಿ. ಅಲ್ಲಿಯವರು ಅದನ್ನು ಟ್ಯಾಗ್ ಎನ್ನುತ್ತಾರೆ. ಇಂಥ ಪ್ರದೇಶದಲ್ಲಿ, ಇಂಥ ದಿನಗಳಲ್ಲಿ, ಇಂಥ ಪ್ರಾಣಿ ಒಂದನ್ನು ಮಾತ್ರ ಹೊಡೆಯಬಹುದು ಎಂಬ ಸರ್ಕಾರದ ಪರವಾನಗಿ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಎಂದರೆ ಕಳ್ಳಬೇಟೆ ಎಂದೇ ಅರ್ಥ ಮಾಡಿಕೊಂಡಿರುವ ಕನ್ನಡದ ಓದುಗನಿಗೆ ಇದು ತುಸು ವಿಚಿತ್ರವೆನಿಸಬಹುದು. ಅಲ್ಲಿ ಬೇಟೆ ಕಾನೂನಿನೊಳಗಿನ ಸಂಗತಿ. ಶರತ್ಕಾಲದಲ್ಲಿ ಮನೆಮಂದಿಯೆಲ್ಲ ಕಾಡಿಗೆ ಹೋಗಿ ಡೇರೆ ಹಾಕುವ ಹಬ್ಬ. ಚಳಿಗಾಲಕ್ಕೆ ಮಾಂಸ ಕೂಡಿಡುವ ಸಂಸಾರಗಳೂ ಉಂಟು.

ಯೂಟಾ ರಾಜ್ಯದ ಒಂದು ಬೀದಿಯನ್ನು ಕಲ್ಪಿಸಿಕೊಳ್ಳೋಣ. ಅಕ್ಕಪಕ್ಕದ ಎರಡು ಮನೆ. ಎರಡರಲ್ಲೂ 68ರ ಇಬ್ಬರು ಮುದುಕರು, ಒಟ್ಟಿಗೆ ಬೆಟ್ಟ ಹತ್ತಿ ಬೆಳೆದವರು. ಇಬ್ಬರೂ ಅರ್ಜಿ ಹಾಕುತ್ತಾರೆ, ಇಬ್ಬರಿಗೂ ಈ ವರ್ಷ ಟ್ಯಾಗ್ ಸಿಗುವುದಿಲ್ಲ. ಮೊದಲ ಮನೆಯವನ 12 ವರ್ಷದ ಮೊಮ್ಮಗಳು ಇದೇ ಮೊದಲು ಅರ್ಜಿ ಹಾಕಿದವಳು; ಅವಳಿಗೆ ಸಿಗುತ್ತದೆ. ಅಜ್ಜನಿಗೆ ಸಂತೋಷವೋ ಸಂತೋಷ. ಪಕ್ಕದ ಮನೆಯವನಿಗೆ ಮೊಮ್ಮಕ್ಕಳಿಲ್ಲ. ಅವನ ಮೊಣಕಾಲಲ್ಲಿ ಇನ್ನೆಷ್ಟು ವರ್ಷದ ಬಲ ಉಳಿದಿದೆಯೋ ಅವನಿಗೇ ಗೊತ್ತಿಲ್ಲ. ಮಕ್ಕಳಿಗೆಂದು ತೆಗೆದಿರಿಸಿದ ಪಾಲು ನ್ಯಾಯವೇ ಅನ್ಯಾಯವೇ ಎಂಬ ಜಗಳ ಹುಟ್ಟುವುದು ಈ ಎರಡನೆಯ ಮನೆಯ ಜಗಲಿಯಲ್ಲಿ.

ಲಾಟರಿ ಏಕೆ ಬಂತು ಎಂಬುದು ಮೊದಲು ತಿಳಿಯಬೇಕು. ಅಮೆರಿಕದಲ್ಲಿ ಕಾಡುಪ್ರಾಣಿ ಜಮೀನಿನ ಒಡೆಯನ ಸೊತ್ತಲ್ಲ. ಜನರೆಲ್ಲರ ಪರವಾಗಿ ರಾಜ್ಯ ಸರ್ಕಾರ ಅದನ್ನು ಧರ್ಮದರ್ಶಿಯಂತೆ ನೋಡಿಕೊಳ್ಳಬೇಕು ಎಂಬುದು ಅಲ್ಲಿನ ತತ್ವ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಡೆಮ್ಮೆ, ಎಲ್ಕ್, ಜಿಂಕೆಗಳನ್ನು ಮಾರುಕಟ್ಟೆಗಾಗಿ ಲೆಕ್ಕವಿಲ್ಲದೆ ಕೊಂದು ಮುಗಿಸಿದ ಮೇಲೆ ಬಂದ ಬುದ್ಧಿ ಅದು. ಬೇಟೆಗೆ ಋತು ಗೊತ್ತುಮಾಡಿದರು, ಪರವಾನಗಿ ತಂದರು. 1937ರಲ್ಲಿ ಬಂದ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಬೇಟೆಯ ಬಂದೂಕು ಹಾಗೂ ತೋಟಾಗಳ ಮೇಲೆ ಶೇ. 11ರ ತೆರಿಗೆ ವಸೂಲಾಗಿ ವನ್ಯಜೀವಿ ರಕ್ಷಣೆಗೆ ಹೋಗುತ್ತದೆ. ಪ್ರಾಣಿಗಳು ಮರಳಿ ಬಂದವು. ಆದರೆ ಬೇಡುವ ಕೈಗಳೂ ಹೆಚ್ಚಿದವು. ಯೂಟಾದಲ್ಲಿ ಹಿಂದೆ ಅಂಗಡಿಗೆ ಹೋಗಿ ಜಿಂಕೆಯ ಪರವಾನಗಿ ಕೊಂಡು ತರಬಹುದಿತ್ತು. 1994ರಲ್ಲಿ ರಾಜ್ಯವು ಗಂಡು ಜಿಂಕೆಯ ಪರವಾನಗಿಗಳಿಗೆ 97,000ದ ಮಿತಿ ಹಾಕಿತು. ಇರುವುದಕ್ಕಿಂತ ಕೇಳುವವರು ಹೆಚ್ಚಾದಾಗ ಚೀಟಿ ಎತ್ತದೆ ಬೇರೆ ದಾರಿ ಏನಿದೆ?

ಬರಿಯ ಚೀಟಿ ಎತ್ತುವಿಕೆಯಾಗಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಬಡವ ಬಲ್ಲಿದ, ಮುದುಕ ಹುಡುಗ ಎಲ್ಲರಿಗೂ ಒಂದೇ ಚೀಟಿ. ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಇಂದಿಗೂ ಹಿಂದಿನ ಸೋಲುಗಳ ಲೆಕ್ಕವನ್ನು ಇಡುವುದಿಲ್ಲ. ಆದರೆ ಹತ್ತು ವರ್ಷ ಅರ್ಜಿ ಹಾಕಿ ಸೋತವನ ಕಣ್ಣೆದುರೇ ಮೊನ್ನೆ ಅರ್ಜಿ ಹಾಕಿದವನು ಗೆದ್ದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಆ ಉರಿಯನ್ನು ಶಮನ ಮಾಡಲು ಪಾಯಿಂಟಿನ ಪದ್ಧತಿ ಹುಟ್ಟಿತು. ಸೋತ ಪ್ರತಿ ವರ್ಷಕ್ಕೆ ಒಂದು ಪಾಯಿಂಟು. ಕೊಲೊರಾಡೊದಲ್ಲಿ ಬಹುಕಾಲ ನಡೆದು ಬಂದ ರೀತಿಯಂತೆ, ಹೆಚ್ಚು ಪಾಯಿಂಟು ಇದ್ದವನಿಗೇ ಬಹುಪಾಲು ಟ್ಯಾಗುಗಳು ಮೊದಲು. ನೆವಾಡಾದಲ್ಲಿ ಪಾಯಿಂಟಿನ ವರ್ಗ ತೆಗೆಯುತ್ತಾರೆ. 10 ಪಾಯಿಂಟು ಇದ್ದವನಿಗೆ ಹೆಚ್ಚುವರಿಯಾಗಿ 100 ಚೀಟಿಗಳು. ಯೂಟಾದಲ್ಲಿ ದೊಡ್ಡ ಕೊಂಬಿನ ಪ್ರಾಣಿಗಳ ವಿಶೇಷ ಟ್ಯಾಗುಗಳಲ್ಲಿ ಅರ್ಧ ಹೆಚ್ಚು ಪಾಯಿಂಟಿನವರಿಗೆ, ಉಳಿದರ್ಧ ಚೀಟಿ ಎತ್ತಿ.

ಕೇಳಲು ಬಲು ನ್ಯಾಯ. ತಾಳ್ಮೆಗೆ ಬೆಲೆ ಕೊಟ್ಟಂತಾಯಿತು. ಆದರೆ ಸಾಲಿನ ಬಾಲದಲ್ಲಿ ನಿಂತು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಒಂದು ಕಣಿವೆಗೆ ವರ್ಷಕ್ಕೆ 20 ಟ್ಯಾಗ್, ಸಾಲಿನಲ್ಲಿ ಆಗಲೇ 1,000 ಜನ ಎಂದಿಟ್ಟುಕೊಳ್ಳಿ. ಪಾಯಿಂಟೇ ಪ್ರಮಾಣವಾದರೆ ಇಂದು ಸಾಲಿಗೆ ಸೇರಿದ 12ರ ಹುಡುಗನಿಗೆ ಸರದಿ ಬರುವುದು 50 ವರ್ಷದ ಮೇಲೆ, ಅವನಿಗೆ 62 ಆದಾಗ. ಮುಂದಿನವರು ಬೇಸತ್ತು ಬಿಟ್ಟರೆ ಅಥವಾ ತೀರಿಕೊಂಡರೆ ಸ್ವಲ್ಪ ಬೇಗ. ವರ್ಷ ಕಳೆದಂತೆ ಬೇಕಾದ ಪಾಯಿಂಟು ಏರುತ್ತಲೇ ಹೋಗುವ ಈ ರೋಗಕ್ಕೆ ಅಲ್ಲಿನ ಬೇಟೆಗಾರರು ಒಂದು ಹೆಸರನ್ನೇ ಇಟ್ಟಿದ್ದಾರೆ, ‘ಪಾಯಿಂಟ್ ಕ್ರೀಪ್’. ಪಾಯಿಂಟು ತೆವಳುತ್ತಾ ಮೇಲೇರುತ್ತದೆ. ಹಿಂದೆ ನಿಂತವನು ಎಷ್ಟು ನಡೆದರೂ ಗುರಿ ಅಷ್ಟೇ ದೂರ.

ಮಕ್ಕಳ ಪಾಲಿನ ಪ್ರಶ್ನೆಯನ್ನು ಇಲ್ಲಿಂದ ನೋಡಬೇಕು. ಯೂಟಾದಲ್ಲಿ ಸಾಮಾನ್ಯ ಋತುವಿನ ಗಂಡು ಜಿಂಕೆಯ ಪರವಾನಗಿಗಳಲ್ಲಿ ಶೇ. 20ನ್ನು 17 ಮತ್ತು ಅದಕ್ಕೂ ಕಡಿಮೆ ವಯಸ್ಸಿನವರಿಗೆ ತೆಗೆದಿರಿಸುತ್ತಾರೆ. ಕೊಲೊರಾಡೊದಲ್ಲಿ ಶೇ. 15ರವರೆಗೆ, ಅದೂ ಹೆಣ್ಣು ಜಿಂಕೆ, ಹೆಣ್ಣು ಎಲ್ಕ್‌ಗಳಂಥ ಕೊಂಬಿಲ್ಲದ ಪ್ರಾಣಿಗಳ ಪರವಾನಗಿಗಳಲ್ಲಿ ಮಾತ್ರ. ನೆವಾಡಾದಲ್ಲಿ 12ರಿಂದ 17ರವರಿಗೆ ಜಿಂಕೆಯ ಬೇರೆಯೇ ಲಾಟರಿ. ಸಿಕ್ಕವರು ಬಿಲ್ಲು, ಮದ್ದುತುಂಬುವ ಹಳೆಯ ಬಂದೂಕು, ರೈಫಲ್ ಮೂರರ ಋತುಗಳಲ್ಲೂ ಪ್ರಯತ್ನಿಸಬಹುದು. ನ್ಯೂ ಮೆಕ್ಸಿಕೊ, ಐಡಾಹೊಗಳಲ್ಲಿ ಮಕ್ಕಳಿಗೆಂದೇ ಮೀಸಲಾದ ಬೇಟೆಗಳುಂಟು.

ಹಿರಿಯರ ಆಕ್ಷೇಪ ಇಷ್ಟೇ: ‘ನಾವು ಸಾಲಿನಲ್ಲಿ ನಿಂತಿದ್ದೇವೆ, ಹುಡುಗರು ಸಾಲು ಮುರಿದು ಮುಂದೆ ಹೋಗುತ್ತಿದ್ದಾರೆ.’ ಮಾತು ಸುಳ್ಳಲ್ಲ. ಆದರೆ ಆ ಸಾಲನ್ನು ಕಟ್ಟಿದವರು ಯಾರು? ಮೊದಲು ಬಂದವರು. ಮೊದಲು ಬಂದವರಿಗೆ ಲಾಭವಾಗುವ ನಿಯಮವನ್ನು ಮೊದಲು ಬಂದವರೇ ಒಪ್ಪಿಕೊಂಡಾಗ ಇನ್ನೂ ಹುಟ್ಟದಿದ್ದ ಮಕ್ಕಳನ್ನು ಯಾರೂ ಕೇಳಲಿಲ್ಲ. ಪಾಯಿಂಟಿನ ರಾಜ್ಯಗಳಲ್ಲಿ ಮಕ್ಕಳ ಪಾಲೆಂಬುದು ಹೊಸದಾಗಿ ಕೊಟ್ಟ ಉಡುಗೊರೆಯೇನಲ್ಲ. ಹರಿದ ಅಂಗಿಗೆ ಹಾಕಿದ ತೇಪೆ ಅದು. ತೇಪೆ ಕಣ್ಣಿಗೆ ಕುಕ್ಕುತ್ತದೆ ಎಂದು ದೂರುವವರು ಹರಿದದ್ದೆಲ್ಲಿ ಎಂದು ನೋಡುವುದಿಲ್ಲ.

ಇನ್ನು ನಷ್ಟದ ಲೆಕ್ಕ. ಒಂದು ಪ್ರದೇಶಕ್ಕೆ 100 ಟ್ಯಾಗ್, 300 ಅರ್ಜಿ, ಅದರಲ್ಲಿ ಮಕ್ಕಳು 30 ಎಂದುಕೊಳ್ಳೋಣ. ಮೀಸಲಿಲ್ಲದಿದ್ದರೆ ಪ್ರತಿಯೊಬ್ಬರಿಗೂ ಮೂರರಲ್ಲೊಂದು ಅವಕಾಶ. ಶೇ. 20 ಮೀಸಲಿಟ್ಟರೆ 20 ಮಕ್ಕಳಿಗೆ ಸಿಕ್ಕಿತು. ಉಳಿದ 80 ಟ್ಯಾಗಿಗೆ 280 ಜನ. ಹಿರಿಯನ ಅವಕಾಶ ಮೂರರಲ್ಲೊಂದರಿಂದ ಮೂರೂವರೆಗೊಂದಕ್ಕೆ ಇಳಿಯಿತು. ಸರಾಸರಿ ಮೂರು ವರ್ಷ ಕಾಯುವವನು ಇನ್ನೊಂದು ಆರು ತಿಂಗಳು ಕಾಯಬೇಕು. ನಡುವಯಸ್ಸಿನವನಿಗೆ ಅದು ದೊಡ್ಡ ಸಂಗತಿಯಲ್ಲ. 12ರ ಮಗುವಿಗೋ ಮೂರರಲ್ಲಿ ಎರಡಕ್ಕಿಂತ ಹೆಚ್ಚು ಅವಕಾಶ. ಕೊಟ್ಟದ್ದು ಕಡಿಮೆ, ಪಡೆದದ್ದು ಹೆಚ್ಚು.

ಆದರೆ ಇದೇ ಲೆಕ್ಕವನ್ನು ಕಾಡುಕುರಿಯ ಟ್ಯಾಗಿಗೆ ಹಾಕಿ ನೋಡಿ. ಬಿಗ್‌ಹಾರ್ನ್ ಎಂಬ ಸುರುಳಿಕೊಂಬಿನ ಕಾಡುಕುರಿ, ಮೂಸ್, ಕಾಡೆಮ್ಮೆ ಇವೆಲ್ಲ ಯೂಟಾದಲ್ಲಿ ಜೀವಮಾನಕ್ಕೊಮ್ಮೆ ಸಿಗುವ ಪರವಾನಗಿಗಳು. 10 ಟ್ಯಾಗಿಗೆ 1,000 ಅರ್ಜಿಗಳಿದ್ದರೆ ಸಿಗುವ ಅವಕಾಶ ನೂರಕ್ಕೊಂದು. ಎರಡನ್ನು ಮಕ್ಕಳಿಗೆಂದು ತೆಗೆದರೆ ಹಿರಿಯನ ಅವಕಾಶ ನೂರಿಪ್ಪತ್ತನಾಲ್ಕರಲ್ಲೋ ಇಪ್ಪತ್ತೈದರಲ್ಲೋ ಒಂದು. ಯಾರೂ ಅಷ್ಟು ವರ್ಷ ಬದುಕುವುದಿಲ್ಲವಾದ್ದರಿಂದ ವ್ಯತ್ಯಾಸವಿಲ್ಲ ಎನ್ನಬಹುದೇ? ಇದೆ. ಮೂವತ್ತು ವರ್ಷ ಕಾದವನೆದುರು ಆರನೆಯ ತರಗತಿಯ ಹುಡುಗ ಜೀವಮಾನಕ್ಕೊಮ್ಮೆ ಸಿಗುವುದನ್ನು ಮೊದಲ ವರ್ಷವೇ ಮುಗಿಸಿಬಿಟ್ಟರೆ, ಆ ಹುಡುಗನಿಗೂ ಅದರ ಬೆಲೆ ತಿಳಿದಿರುವುದಿಲ್ಲ. ಮಗುವಿಗೆ ಬೇಕಾದದ್ದು ಕಾಡಿಗೆ ಹೋಗುವ ಅವಕಾಶ, ಗೋಡೆಗೆ ತೂಗುಹಾಕುವ ಕೊಂಬಲ್ಲ. ಆ ದೃಷ್ಟಿಯಿಂದ ಕೊಂಬಿಲ್ಲದ ಪ್ರಾಣಿಗೆ ಮಾತ್ರ ಮಕ್ಕಳ ಪಾಲು ಎನ್ನುವ ಕೊಲೊರಾಡೊದ ನಿಯಮ ಉಳಿದವಕ್ಕಿಂತ ಹದವರಿತದ್ದು.

ರಾಜ್ಯಗಳಿಗೆ ತಮ್ಮದೇ ಚಿಂತೆಯೂ ಉಂಟು. ಕೇಂದ್ರ ಸರ್ಕಾರದ ಸಮೀಕ್ಷೆಯಂತೆ 1991ರಲ್ಲಿ ಅಮೆರಿಕದಲ್ಲಿ 1.41 ಕೋಟಿ ಬೇಟೆಗಾರರಿದ್ದರು, 2016ರಲ್ಲಿ 1.15 ಕೋಟಿ. (2022ರ ಸಮೀಕ್ಷೆಯಲ್ಲಿ ಅಂಕಿ ಮೇಲೇರಿತು, ಆದರೆ ಎಣಿಸುವ ರೀತಿಯೇ ಬದಲಾಗಿತ್ತು.) ಯುದ್ಧಾನಂತರ ಹುಟ್ಟಿದ ದೊಡ್ಡ ಪೀಳಿಗೆಗೆ ವಯಸ್ಸಾಗುತ್ತಿದೆ. ಇಲಾಖೆಗಳ ಖರ್ಚು ನಡೆಯುವುದು ಬಹುಮಟ್ಟಿಗೆ ಪರವಾನಗಿಯ ಹಣ ಮತ್ತು ಬಂದೂಕಿನ ತೆರಿಗೆಯಿಂದ. ಚಿಕ್ಕಂದಿನಲ್ಲಿ ಕಾಡು ಮೆಟ್ಟದವನು ದೊಡ್ಡವನಾದ ಮೇಲೆ ಮೆಟ್ಟುವುದು ಅಪರೂಪ ಎಂದು ಅಧಿಕಾರಿಗಳ ವಾದ. ಹಿರಿಯ ಬೇಟೆಗಾರ ಇದಕ್ಕೆ ನಗುತ್ತಾನೆ: ಛತ್ರದಲ್ಲಿ ಎಲೆಗಳೇ ಸಾಲದೆ ಮೂರು ಪಂಕ್ತಿ ಕಾಯುತ್ತಿರುವಾಗ ಬೀದಿಯಲ್ಲಿ ನಿಂತು ಊಟಕ್ಕೆ ಬನ್ನಿ ಎಂದು ಕೂಗುವುದೇಕೆ? ನಗುವಿನಲ್ಲಿ ಸತ್ಯವಿದೆ. ಖಜಾನೆ ತುಂಬಲೆಂದು ಮಕ್ಕಳನ್ನು ಕರೆಯುವುದಾದರೆ ಅದನ್ನು ನ್ಯಾಯವೆಂದು ಕರೆಯಬಾರದು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಬಾಲ್ಯ ಎಲ್ಲರಿಗೂ ಒಮ್ಮೆ ಬರುತ್ತದೆ, ಆದ್ದರಿಂದ ವಯಸ್ಸಿನ ಮೀಸಲು ಎಲ್ಲರನ್ನೂ ಸರದಿಯಂತೆ ಮುಟ್ಟುತ್ತದೆ ಎನ್ನುತ್ತಾರೆ. ಬಾಲ್ಯ ಬರುತ್ತದೆ ನಿಜ, ಬೇಟೆಗಾರ ಅಪ್ಪ ಎಲ್ಲರಿಗೂ ಬರುವುದಿಲ್ಲ. ಪಟ್ಟಣದ ಬಾಡಿಗೆ ಮನೆಯಲ್ಲಿ ಬೆಳೆದು, ಮೂವತ್ತರಲ್ಲಿ ಗೆಳೆಯನೊಬ್ಬನಿಂದ ಕಾಡಿನ ರುಚಿ ಹತ್ತಿದವನಿಗೆ ಮಕ್ಕಳ ಪಾಲೂ ಇಲ್ಲ, ಪಾಯಿಂಟೂ ಇಲ್ಲ. ಮಕ್ಕಳ ಪಾಲಿನ ಹೆಚ್ಚಿನ ಭಾಗ ಆಗಲೇ ಬಂದೂಕು, ಗಾಡಿ, ಡೇರೆ ಎಲ್ಲ ಇರುವ ಮನೆಗಳಿಗೇ ಹೋಗುತ್ತದೆ. ಮಗಳ ಹೆಸರಿನಲ್ಲಿ ಅರ್ಜಿ ಗುಜರಾಯಿಸಿ, ಗುರಿ ತಾನೇ ಹಿಡಿದು, ಕುದುರೆ ಎಳೆಯುವುದಷ್ಟನ್ನೇ ಅವಳಿಗೆ ಬಿಡುವ ಅಪ್ಪಂದಿರಿಲ್ಲ ಎಂದು ಯಾರೂ ಆಣೆ ಇಡಲಾರರು.

ಹೀಗಿದ್ದರೂ ದೂರೆಲ್ಲ ಮಕ್ಕಳ ಮೇಲೆಯೇ ಬೀಳುವುದು ವಿಚಿತ್ರ. ಕೆಲವು ಟ್ಯಾಗುಗಳನ್ನು ಈ ರಾಜ್ಯಗಳೇ ಹರಾಜಿಗಿಡುತ್ತವೆ. ಒಂದು ಕಾಡುಕುರಿಗೆ, ಒಂದು ದೊಡ್ಡ ಜಿಂಕೆಗೆ ಲಕ್ಷಾಂತರ ಡಾಲರ್ ಸುರಿದು ಸಾಲನ್ನೇ ನೋಡದೆ ಹೋಗುವ ಶ್ರೀಮಂತರಿದ್ದಾರೆ. ನ್ಯೂ ಮೆಕ್ಸಿಕೊದ ಲಾಟರಿಯಲ್ಲಿ ಶೇ. 10 ಟ್ಯಾಗುಗಳು ವೃತ್ತಿಪರ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಂಡವರಿಗೆ. ಆ ಹಣ ವನ್ಯಜೀವಿಗಳಿಗೇ ಹೋಗುತ್ತದೆ, ಆ ಉದ್ಯೋಗ ಹಳ್ಳಿಗಳಿಗೆ ಅನ್ನ ಕೊಡುತ್ತದೆ ಎಂಬ ಸಮರ್ಥನೆಗಳಿವೆ, ಇರಲಿ. ದುಡ್ಡಿನ ಮೀಸಲಿಗೆ ಸುಮ್ಮನಿದ್ದು ವಯಸ್ಸಿನ ಮೀಸಲಿಗೆ ಸಿಡಿಯುವವರು ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲಿ.

ಎರಡನೆಯ ಮನೆಯ ಮುದುಕನಿಗೆ ಮಾತ್ರ ಇದ್ಯಾವುದೂ ಉತ್ತರವಲ್ಲ. ಮಗುವಿನ ಮುಂದೆ ಐವತ್ತು ಲಾಟರಿಗಳಿವೆ, ಅವನ ಮುಂದೆ ಐದೋ ಆರೋ. ಶುರುಮಾಡುವವರಿಗೆ ಒಂದು ಪಾಲು ಎನ್ನುವುದಾದರೆ ಮುಗಿಸುವವರಿಗೂ ಒಂದಿರಲಿ ಎಂದು ಅವನು ಕೇಳಿದರೆ ತಪ್ಪೇನೂ ಇಲ್ಲ. 65 ದಾಟಿದವರಿಗೆ ಪರವಾನಗಿಯ ಶುಲ್ಕದಲ್ಲಿ ರಿಯಾಯಿತಿ ಕೊಡುವ ರಾಜ್ಯಗಳಿವೆ. ಆದರೆ ಅವನು ಕೇಳುತ್ತಿರುವುದು ಹಣವನ್ನಲ್ಲ, ಕಾಲು ಸೋಲುವ ಮೊದಲು ಒಂದು ಶರತ್ಕಾಲವನ್ನು. ನೂರರಲ್ಲಿ ಐದು ಟ್ಯಾಗುಗಳನ್ನು ಹಾಗೆ ತೆಗೆದಿರಿಸಿದರೆ ನಡುವಯಸ್ಸಿನವರಿಗೆ ಇನ್ನಷ್ಟು ತಡವಾಗುತ್ತದೆ. ಆದರೆ ಕಾಯಲು ಕಾಲವಿರುವುದು ಅವರಿಗೇ.

ಅಲ್ಲಿಯತನಕ ಎರಡು ಚಿಕ್ಕ ದಾರಿಗಳಿವೆ. ಅರಿಜೋನಾದಲ್ಲಿ ಅಪ್ಪ ಅಮ್ಮ, ಅಜ್ಜ ಅಜ್ಜಿ ತಮಗೆ ಬಂದ ಟ್ಯಾಗನ್ನು ಮಗುವಿಗೆ ವರ್ಗಾಯಿಸಬಹುದು. ಯೂಟಾದಲ್ಲಿ ಹಿರಿಯರು ತಮ್ಮ ಪರವಾನಗಿಯನ್ನು ಮಕ್ಕಳೊಂದಿಗೆ ಹಂಚಿಕೊಳ್ಳಬಹುದು. ಪ್ರಾಣಿ ಒಂದೇ, ಹೊಡೆಯುವವರು ಇಬ್ಬರಲ್ಲಿ ಯಾರಾದರೂ ಸರಿ. ಎರಡೂ ಕಡೆ ಕೊಡುವವರು ಹಿರಿಯರು, ಪಡೆಯುವವರು ಕಿರಿಯರು. ಕಿರಿಯರ ಟ್ಯಾಗಿನ ಮೇಲೆ ಹಿರಿಯರು ಹೊಡೆಯುವಂತಿಲ್ಲ. ಅವರು ಜತೆಗೆ ನಡೆಯಬಹುದು, ದುರ್ಬೀನು ಹಿಡಿಯಬಹುದು, ಮಾಂಸ ಹೊರಬಹುದು. ಮೊದಲ ಮನೆಯ ಅಜ್ಜ ಈ ಬಾರಿ ಮೊಮ್ಮಗಳ ಜತೆ ಹಾಗೆಯೇ ಹೊರಡುತ್ತಾನೆ. ಹೊರಡುವ ಮುನ್ನ ಪಕ್ಕದ ಮನೆಯ ಬಾಗಿಲು ತಟ್ಟಿ, ಒಂದು ಜಾಗ ಖಾಲಿ ಇದೆ, ಬರುತ್ತೀಯಾ ಎಂದು ಕೇಳುತ್ತಾನೋ ಇಲ್ಲವೋ, ಅದು ಇಲಾಖೆಯ ನಿಯಮ ಪುಸ್ತಕದಲ್ಲಿಲ್ಲ.